ಶುಕ್ರವಾರ ಬನ್ನಿ

"ಶುಕ್ರವಾರ ದುಡ್ಡು ಕೊಡಲ್ವಂತೆ! ಮತ್ತೆ ಶುಕ್ರವಾರಾನೇ ಬನ್ನಿ ಅಂದಿದ್ದು ಯಾರ್ರೀ?"

ರಂಜನಿಯ ದನಿಗೆ ಹುಣಸಮಾರನಹಳ್ಳಿಯ ಆ ದೊಡ್ಡ ಮನೆಯ ಬಾಗಿಲಲ್ಲಿ ಮಲಗಿದ್ದ ನಾಯಿಯೂ ಎದ್ದು ಕೂತಿತು. ಎದುರಿಗಿದ್ದ ನಾಗೇಶ್ ಮಾತ್ರ ತಲೆ ಎತ್ತಲಿಲ್ಲ.

ಅವನ ಕಲ್ಯಾಣ ಮಂಟಪದ ಊಟದ ಹಾಲಿನ ಗೋಡೆಗೆ ಬಾಳೆತೋಟದ ಚಿತ್ರ ಬರೆದವಳು ಅವಳು. ಯಾವ ಕಂಪನಿಯವಳೂ ಅಲ್ಲ, ಸ್ವಂತ ಕೈ, ಸ್ವಂತ ಕುಂಚ. ಆ ಗೋಡೆಯ ಮುಂದೆ ಆಗಲೇ ಎಷ್ಟೋ ನೆಂಟರು ಸೆಲ್ಫಿ ತೆಗೆದುಕೊಂಡು, ಹೋಳಿಗೆ ತಿಂದು ಹೋಗಿದ್ದರು. ಅವಳ ದುಡ್ಡು ಮಾತ್ರ ಬಂದಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

ಕೇಳಿದಾಗಲೆಲ್ಲ ನಾಗೇಶನದು ಒಂದೇ ಮಾತು: "ಶುಕ್ರವಾರ ಬನ್ನಿ." ಫೋನಿನಲ್ಲೇ ಹಾಕಿ ಅಂದರೆ, "ಚೆಕ್ಕು, ಕೈಯಾರೆ ಕೊಡ್ಬೇಕು" ಎಂಬ ನೆಪ. ಕೆಂಪಾಪುರದಿಂದ ಏರ್‌ಪೋರ್ಟ್ ರೋಡಿನ ಧೂಳು ಕುಡಿದುಕೊಂಡು ಬಂದರೆ ಅವನ ತಾಯಿ ಲಕ್ಷ್ಮಿದೇವಮ್ಮ ಕಾಫಿ ಕೊಟ್ಟು, "ಶುಕ್ರವಾರ ಲಕ್ಷ್ಮೀನ ಆಚೆ ಕಳಿಸಲ್ಲ ಕಣಮ್ಮ" ಎನ್ನುತ್ತಿದ್ದರು.

'ನಾನು ಚಿತ್ರ ಬರೆಯುವಾಗ ಏಣಿ ಹಿಡಿದು ನಿಲ್ಲುತ್ತಿದ್ದ, ಹುಷಾರು ಅನ್ನುತ್ತಿದ್ದ... ಇಂಥವನಿಗಾ ನಾನು ಮನಸ್ಸು ಕೊಟ್ಟಿದ್ದು?'

ಲಕ್ಷ್ಮಿದೇವಮ್ಮ ಹೊರಗೆ ಬಂದರು. "ಯಾಕವ್ವ, ಇಂಗೆ ಬರಿ ಕೈಲಿ ಬಂದಿದ್ದೀಯ? ಶುಕ್ರವಾರ ಎರಡು ಬಳೆ ಆಕ್ಕೊಬಾರ್ದಾ?"

ರಂಜನಿಯ ಕಣ್ಣು ತುಂಬಿತು. "ಬಳೆ ಅಡವಿಟ್ಟಿದ್ದೀನಿ ಅಮ್ಮ! ನನ್ ಜೊತೆ ಬಣ್ಣ ಹಚ್ಚಿದ ಈರವ್ವಂಗೆ ಕೂಲಿ ಕೊಡ್ಬೇಕಿತ್ತಲ್ಲ? ಅವರ ಮನೇಲಿ ಶುಕ್ರವಾರ ಒಲೆ ಹಚ್ಚೋದ್ ಬೇಡ್ವಾ?"

ನಾಗೇಶನ ಮುಖ ಕಪ್ಪಿಟ್ಟಿತು.

"ಅಡವಾ...? ನಂಗೆ ಗೊತ್ತಿರ್ಲಿಲ್ಲ ರಂಜನಿ. ಶುಕ್ರವಾರ ಅಂದ್ರೆ ಅಮ್ಮ ಕೊಡೋಕ್ ಬಿಡಲ್ಲ, ನೀವು ಇನ್ನೊಂದ್ ಸಲ ಬರ್ತೀರಿ ಅಂತ... ಚೆಕ್ ಕೊಟ್‌ಬಿಟ್ರೆ ನೀವು ಮತ್ತೆ ಬರೋದೇ ಇಲ್ವಲ್ಲ!"

ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು.

"ಇಷ್ಟ ಇದ್ರೆ ಬಾಯ್ಬಿಟ್ಟು ಹೇಳ್ಬೇಕಿತ್ತು! ನನ್ ದುಡಿಮೇನ ಒತ್ತೆ ಇಟ್ಕೊಂಡು ಪ್ರೀತಿ ಮಾಡ್ತೀರಾ? ಥೂ!"

"ಲೋ ನಾಗೇಸ," ಲಕ್ಷ್ಮಿದೇವಮ್ಮ ಗುಡುಗಿದರು, "ಚೆಕ್ ತಗೊಂಬಾ!"

"ಅಮ್ಮ, ಇವತ್ತು ಶುಕ್ರವಾರ..."

"ನಮ್ಮ ಲಕ್ಷ್ಮೀನ ಆಚೆ ಕಳಿಸ್ಬಾರ್ದು ಕಣೋ. ಇದು ಅವಳ ಲಕ್ಷ್ಮಿ! ಇಟ್ಕೊಂಡ್ರೆ ಕಳ್ತನ ಆಯ್ತದೆ."

ರಂಜನಿ ಚೆಕ್ ತೆಗೆದುಕೊಂಡಳು. ಥ್ಯಾಂಕ್ಸ್ ಹೇಳಲಿಲ್ಲ. ಕೂಲಿಗೆ ಥ್ಯಾಂಕ್ಸ್ ಯಾಕೆ ಹೇಳಬೇಕು?

ಬಳೆ ಕೈಗೆ ಬಂತು. ಸಿಟ್ಟು ಇಳಿಯಲಿಲ್ಲ. ಆದರೂ ಫೋನ್ ರಿಂಗಾದರೆ ಮೊದಲು ಹೆಸರು ನೋಡುತ್ತಿದ್ದಳು... ಅವನದಲ್ಲ ಎಂದು ಇನ್ನಷ್ಟು ಸಿಟ್ಟಾಗುತ್ತಿದ್ದಳು!

ಒಂದು ಬೆಳಿಗ್ಗೆ ಕೆಂಪಾಪುರದ ಅವಳ ಮನೆಯ ಗೇಟಿನಾಚೆ ನಾಗೇಶ್ ನಿಂತಿದ್ದ.

"ನಾನೀಗ ನಿಮಗೇನೂ ಕೊಡ್ಬೇಕಾಗಿಲ್ಲ, ಅದಕ್ಕೇ ಈಗ ಹೇಳ್ತಿದ್ದೀನಿ. ತಪ್ಪಾಯ್ತು. ನೀವಂದ್ರೆ ನಂಗಿಷ್ಟ ರಂಜನಿ. ಬೇಡ ಅಂದ್ರೆ ಇನ್ನ್ಯಾವತ್ತೂ ಬರಲ್ಲ."

ಅವಳು ಗೇಟು ತೆಗೆಯಲಿಲ್ಲ. "ಶುಕ್ರವಾರ ಬನ್ನಿ."

ಬಂದ. "ಮುಂದಿನ ಶುಕ್ರವಾರ ಬನ್ನಿ" ಎಂದಳು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆಂದು ಮತ್ತೆ ಬಂದ. ತುಟಿಪಿಟಿಕ್ ಎನ್ನದೆ ಇನ್ನೊಂದು ಸಲವೂ ಬಂದ.

ಆವತ್ತು ಗೇಟಿನ ಚಿಲಕ ತೆಗೆದ ಕೈಯಲ್ಲಿ ಬಳೆ ಸದ್ದಾಯಿತು.

"ಇವತ್ತೂ ಶುಕ್ರವಾರಾನೇ..." ಅವನು ಹೆದರುತ್ತಲೇ ಅಂದ. "ಮನಸ್ಸು ಕೊಡ್ತೀರಾ?"

"ನಾನು ಆವತ್ತೇ ಕೊಟ್ಟಾಯ್ತು ಕಣ್ರೀ, ನೀವು ಏಣಿ ಹಿಡ್ಕೊಂಡ್ ನಿಂತಾಗ್ಲೇ!" ಅವಳು ಗೇಟು ಪೂರ್ತಿ ತೆರೆದಳು. "ಬಾಕಿ ಇದ್ದಿದ್ದು ನಿಮ್ ಕಡೆಯಿಂದಾನೇ."