ಗಿಣಿ ಜೀಪು

"ನಾವು ಗುಜರಿ ತಗೊಳ್ಳೂದಿಲ್ರಿ," ಎಂದಳು ನಾಜಮೀನ, ತಲೆ ಎತ್ತದೆ.

ನರಗುಂದದ ಬಸ್‌ಸ್ಟ್ಯಾಂಡಿನ ಹಿಂದೆ ಮೈನುದ್ದೀನನ ಸ್ಪೇರ್‌ಪಾರ್ಟ್ಸ್ ಅಂಗಡಿ. ಅದರ ಕೌಂಟರಿನ ಮೇಲೆ ಅಲ್ತಮಶ ಆಗಷ್ಟೇ ಒಂದು ಗಂಟು ಇಟ್ಟಿದ್ದ. ಪೇಪರಿನಲ್ಲಿ ಸುತ್ತಿದ ಹಳೆಯ ವಾಟರ್ ಪಂಪು, ಮೈಯೆಲ್ಲ ತುಕ್ಕು. ಗಜೇಂದ್ರಗಡದಿಂದ ಸೂಡಿ, ರೋಣ ದಾಟಿ ಬೈಕಿನಲ್ಲಿ ಬಂದವನ ಮುಖವೂ ಧೂಳು ಕುಡಿದು ಆ ಪಂಪಿನ ಬಣ್ಣಕ್ಕೇ ತಿರುಗಿತ್ತು. ಹುಡುಗಿಯದೇನೂ ತಪ್ಪಿಲ್ಲ.

"ಮಾರಾಕ ಬಂದಿಲ್ರಿ. ಇಂಥಾದ್ದ ಇನ್ನೊಂದು ಬೇಕಾಗಿತ್ತು."

ಆಗ ಅವಳು ತಲೆ ಎತ್ತಿದಳು. ಮೊದಲು ಪಂಪನ್ನು ನೋಡಿದಳು, ಆಮೇಲೆ ಅವನನ್ನು. ಗಾಡಿ ಇನ್ನೂ ಇದೆಯೋ ಅಥವಾ ಇದೊಂದೇ ಉಳಿದಿದೆಯೋ ಎಂದು ಕೇಳಿದಳು. ಅವನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವಳು ಓಢಣಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ನಿಚ್ಚಣಿಕೆ ಹತ್ತಿದಳು. ಅಟ್ಟದ ಮೂಲೆಯಿಂದ ಎಣ್ಣೆಕಾಗದದಲ್ಲಿ ಸುತ್ತಿದ ಪಂಪೊಂದನ್ನು ಹುಡುಕಿ ತಂದಳು. ಅವಳ ಹುಬ್ಬಿಗೆ ಜೇಡರಬಲೆಯ ಎಳೆಯೊಂದು ಅಂಟಿತ್ತು. ಅಲ್ತಮಶ ನೋಡಬೇಕಾದದ್ದು ಪಂಪನ್ನು. ನೋಡಿದ್ದು ಆ ಎಳೆಯನ್ನು.

ಊರಿಗೆ ಹೋಗಿ ನೋಡಿದರೆ ಪಂಪಿನ ಗ್ಯಾಸ್ಕೆಟ್ ತರುವುದನ್ನೇ ಮರೆತಿದ್ದ. ಅದೊಂದು ಸಲ ಖರೇನೇ ಮರೆತದ್ದು. ಅಲ್ಲಿಂದ ಮುಂದಿನ ಮರೆವುಗಳನ್ನೆಲ್ಲ ಅವನು ಬಹಳ ನೆನಪಿಟ್ಟುಕೊಂಡು ಮರೆಯುತ್ತಿದ್ದ.

ಜೀಪು ಅವನ ಅಜ್ಜ ಜಂಗ್ಲಿಸಾಬನದು. ಒಂದು ಕಾಲಕ್ಕೆ ಗಜೇಂದ್ರಗಡ, ಸೂಡಿ, ರೋಣದ ನಡುವೆ ಅದು ಮಂದಿಯನ್ನು ಹೊತ್ತು ಓಡಾಡುತ್ತಿತ್ತು. ಒಳಗೆ ಕೂತವರಿಗಿಂತ ಹೊರಗೆ ಜೋತುಬಿದ್ದವರೇ ಹೆಚ್ಚು. ಅಮಾಸಿಗೆ ಇಟಗಿ ಭೀಮವ್ವನ ಗುಡಿಗೆ ಹೋಗುವವರಂತೂ ಬಾನೆಟ್ಟಿನ ಮೇಲೂ ಕೂಡುತ್ತಿದ್ದರು. ಮುಪ್ಪಿಗೆ ಅಜ್ಜ ಅದನ್ನೊಬ್ಬ ಗುತ್ತಿಗೆದಾರನಿಗೆ ಬಾಡಿಗೆಗೆ ಕೊಟ್ಟ. ಅವನು ನೀಲಿ ಬಣ್ಣ ಬಳಿದು, ಕಲ್ಲು ಹೇರಿ, ನಡು ಮುರಿದು ಮರಳಿ ತಂದು ನಿಲ್ಲಿಸಿದ. ಅಜ್ಜ ಮಣ್ಣಾದ ಮೇಲೆ ಜೀಪು ಹಿತ್ತಲಿನ ಬೇವಿನ ಗಿಡದ ಕೆಳಗೆ ಕೋಳಿಗಳಿಗೆ ಮನೆಯಾಯಿತು.

ಅಲ್ತಮಶ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ಮಾಡುವವನು. ವಾರವಿಡೀ ಆಕಾಶದಲ್ಲಿ ಕೆಲಸ, ಆದಿತ್ಯವಾರ ಜೀಪಿನ ಹೊಟ್ಟೆಯ ಕೆಳಗೆ. ಹಳೆ ಜೀಪು ಸಾಕುವುದೂ ಒಂದೇ, ಆನೆ ಸಾಕುವುದೂ ಒಂದೇ ಎಂದು ಅವನ ತಾಯಿ ಗೊಣಗುತ್ತಿದ್ದಳು. ಅವನು ಕೇಳುತ್ತಿರಲಿಲ್ಲ. ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆದ, ಮುರಿದ ಸ್ಪ್ರಿಂಗಿನ ಪಾಟಾ ಬದಲಿಸಿದ, ಗೇರ್‌ಬಾಕ್ಸ್ ಬಿಚ್ಚಿ ಚಾದರದ ಮೇಲೆ ಹರವಿಕೊಂಡು ಕೂತ. ಪ್ರತಿ ಆದಿತ್ಯವಾರ ಏನೋ ಒಂದು ಕಡಿಮೆ ಬೀಳುತ್ತಿತ್ತು. ಗದಗಿನಲ್ಲೂ ಅಂಗಡಿಗಳಿದ್ದವು, ಅವನ ಬೈಕು ಮಾತ್ರ ನರಗುಂದಕ್ಕೇ ತಿರುಗುತ್ತಿತ್ತು.

ಮೈನುದ್ದೀನನ ಕಣ್ಣು ಮಂಜಾಗಿದ್ದವು. ಅಂಗಡಿಯ ಬಾಗಿಲಲ್ಲಿ ಖುರ್ಚಿ ಹಾಕಿಕೊಂಡು, ಹೋಗುವ ಬರುವ ಗಾಡಿಗಳನ್ನು ಸದ್ದಿನಿಂದಲೇ ಗುರುತಿಸುತ್ತ ಕೂಡುತ್ತಿದ್ದ. ಬಿ.ಕಾಂ. ಮುಗಿಸಿದ ಮಗಳೇ ವ್ಯಾಪಾರ ನೋಡುತ್ತಿದ್ದಳು.

"ಒಮ್ಮೆಲೆ ಎಲ್ಲಾ ಒಯ್ಯಬಾರದೇನ್ರಿ? ಪೆಟ್ರೋಲ್ ಪುಕ್ಕಟ ಬರ್ತೈತೇನು?" ಎಂದಳು ಒಂದು ದಿನ, ದನಿ ತಗ್ಗಿಸಿ.

"ಗಾಡಿ ವಾರಕ್ಕೊಂದ ಬ್ಯಾನಿ ಹೇಳ್ತೈತ್ರಿ, ನಾ ಏನ ಮಾಡ್ಲಿ."

"ಬ್ಯಾನಿ ಗಾಡಿಗೋ, ಗಾಡಿಯವ್ರಿಗೋ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗಾಯಿತು ಅವನಿಗೆ. ನಟ್ಟು ಎಣಿಸುವವನಂತೆ ತಲೆ ತಗ್ಗಿಸಿದ. ಅವಳು ನಗು ತಡೆಯಲು ಕೆಳತುಟಿ ಕಚ್ಚಿಕೊಂಡದ್ದನ್ನು ಓರೆಗಣ್ಣಿನಲ್ಲಿ ಕಂಡು, ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಊರಿಗೆ ಹೋದ.

ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಿನ ಗಾಲಿಗೆ ಅವಳು ಕೊಟ್ಟ ಆಯಿಲ್ ಸೀಲ್ ಕೂಡಲಿಲ್ಲ. ಅಳತೆ ಬೇರೆ. ಅವನು ಮರಳಿ ತಂದು ಕೌಂಟರಿನ ಮೇಲಿಟ್ಟ. ಮೈನುದ್ದೀನ ಖುರ್ಚಿಯಲ್ಲೇ ತೂಕಡಿಸುತ್ತಿದ್ದ.

"ಇದನ್ನ ತಪ್ಪಿ ಕೊಟ್ಟೀರಿ," ಎಂದ.

"ತಪ್ಪಿ ಕೊಟ್ಟಿಲ್ಲ. ಈ ವಾರ ಹಬ್ಬ ಐತಿ, ಬರೂದಿಲ್ಲ ಅಂದಿದ್ರಿ. ಅದಕ್ಕ ಕೊಟ್ಟೇನಿ."

ಇಷ್ಟು ಹೇಳಿ ಅವಳು ಬೆನ್ನು ತಿರುಗಿಸಿ ಬೇರಿಂಗಿನ ಡಬ್ಬಿಗಳನ್ನು ಜೋಡಿಸತೊಡಗಿದಳು. ಕಿವಿ ಮಾತ್ರ ಕೆಂಪಗೆ ಹೊರಗೇ ಉಳಿದಿತ್ತು. ಅಲ್ತಮಶನಿಗೆ ಆ ಕ್ಷಣ ಜಗತ್ತಿನಲ್ಲಿ ಇನ್ನೇನೂ ಬೇಡವೆನಿಸಿತು. ಅಂದಿನಿಂದ ಇಬ್ಬರೇ ಇದ್ದಾಗ 'ರಿ' ಬಿದ್ದುಹೋಗಿ 'ನೀ' ಬಂತು.

ಅವರದು ದೊಡ್ಡ ಆಸೆಯೇನಲ್ಲ. ಅವನು ದಿನಾ ಹತ್ತುವ ಗಾಳಿಯಂತ್ರಗಳನ್ನು ಅವಳು ಹತ್ತಿರದಿಂದ ನೋಡಬೇಕು, ಅಲ್ಲಿಗೆ ಜೀಪಿನ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತು ಹೋಗಬೇಕು. ಆದರೆ ಮೈನುದ್ದೀನನ ಮಗಳು ಪರ ಹುಡುಗನ ಪಕ್ಕ ಕೂತಳೆಂದರೆ, ಜೀಪು ರೋಣ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಅದಕ್ಕೆ ಅವಳೇ ಒಂದು ಉಪಾಯ ಹೇಳಿದಳು. ಗಾಡಿ ತಯಾರಾದ ದಿನ ಓಡಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸು. ನಮ್ಮ ಅಬ್ಬಾ ಎಂಜಿನ್ ಸದ್ದು ಕೇಳಿದರೆ ಸಾಕು, ಸತ್ತ ಗಾಡಿಗೆ ಜೀವ ಕೊಟ್ಟವನು ಹುಡುಗಿಯನ್ನು ಚಲೋ ನೋಡಿಕೊಂಡಾನು ಎನ್ನುತ್ತಾರೆ. ಮರುವಾರ ನಿಮ್ಮ ಹಿರಿಯರನ್ನು ಕಳಿಸು.

ಬಣ್ಣ ಕೆರೆಯುವಾಗ ಗುತ್ತಿಗೆದಾರನ ನೀಲಿಯ ಅಡಿಯಲ್ಲಿ ಹಸಿರು ಕಂಡಿತು. ಬಾಗಿಲಿನ ಹತ್ತಿರ ಒಂದು ಕೆಂಪು ಕೊಕ್ಕೂ ಕಂಡಿತು. ಅಲ್ತಮಶನಿಗೆ ಆಗ ನೆನಪಾಯಿತು: ಓದಲು ಬಾರದ ಮಂದಿಗೂ ಗುರುತು ಸಿಗಲೆಂದು ಅಜ್ಜ ಜೀಪಿನ ಮೇಲೆ ಗಿಣಿಯ ಚಿತ್ರ ಬರೆಸಿದ್ದ, ಊರೆಲ್ಲ ಅದನ್ನು ಗಿಣಿ ಜೀಪು ಎನ್ನುತ್ತಿತ್ತು. ಫೋಟೋ ತೆಗೆದು ನಾಜಮೀನಳಿಗೆ ಕಳಿಸಿದ. ಅವನ ಮನಸ್ಸಿನಲ್ಲಿದ್ದದ್ದು ಮಿಲಿಟರಿ ಬಣ್ಣ. ಅವಳು ಬಿಡಲಿಲ್ಲ. ಅಜ್ಜನ ಗಿಣಿಯನ್ನು ಮುಚ್ಚಿದರೆ ಮುಂದೆ ಒಂದು ಸ್ಕ್ರೂ ಕೂಡ ಕೊಡುವುದಿಲ್ಲ ಎಂದು ಹೆದರಿಸಿದಳು. ಅವನು ಬೆಣ್ಣೆಯೊಳಗಿನ ಕೂದಲು ತೆಗೆದಂತೆ ನೀಲಿಯನ್ನು ಬಿಡಿಸಿ, ಪೇಂಟರನ ಎದುರು ಕೂತು ಗಿಣಿಗೆ ಮತ್ತೆ ರೆಕ್ಕೆ, ಕೊಕ್ಕು, ಕೊರಳಪಟ್ಟಿ ಬರೆಸಿದ.

ಹಿಂಗಾರಿ ಜೋಳ ಮೊಣಕಾಲೆತ್ತರ ಬೆಳೆದಿದ್ದಾಗ ಗಿಣಿ ಜೀಪು ನರಗುಂದಕ್ಕೆ ಬಂತು. ಅದು ಓಣಿಗೆ ತಿರುಗುತ್ತಲೇ ಮೈನುದ್ದೀನ ಸದ್ದು ಹಿಡಿದು ಮನೆಯ ಮುಂದೆ ಎದ್ದು ನಿಂತಿದ್ದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತಲೆ ತೂಗಿದ. ಕಿಟಕಿಯ ಹಿಂದೆ ನಾಜಮೀನ ನಿಂತಿದ್ದಳು, ಗೆದ್ದವಳ ಹಾಗೆ.

ಆಗ ಅವಳ ತಾಯಿ ಮುಮತಾಜಬಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗಿಣಿಯನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಇದು ಯಾರ ಗಾಡಿ ಎಂದು ಕೇಳಿದಳು. ಗಜೇಂದ್ರಗಡದ ಜಂಗ್ಲಿಸಾಬರದು, ನಾನು ಅವರ ಮೊಮ್ಮಗ ಎಂದ ಅಲ್ತಮಶ. ಗದಗಿನ ದವಾಖಾನೆಯಲ್ಲಿ ಹುಟ್ಟಿದವನೇ ನೀನು ಎಂದು ಕೇಳಿದಳು. ಹೌದೆಂದ. ನೀನು ಹುಟ್ಟಿದಾಗ ತಾಯಿಗೆ ಜ್ವರ ಏರಿ ಮೈಮೇಲೆ ಖಬರಿರಲಿಲ್ಲ, ಹೌದೇ ಎಂದಳು. ಅದಕ್ಕೂ ಹೌದೆಂದ, ಮನೆಯಲ್ಲಿ ಕೇಳಿದ ಮಾತು. ಮುಮತಾಜಬಿ ಮೆಟ್ಟಿಲಿಳಿದು ಬಂದು ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡಳು. ಅವಳ ಕಣ್ಣು ತುಂಬಿದ್ದವು.

"ನನ್ನ ಕೂಸೇ ಇದು. ನಿಮ್ಮವ್ವ ಕಣ್ಣ ತೆರೆಯೂ ತನಕ ನಾನ ನಿನಗ ಎದಿ ಹಾಲ ಕುಡಿಸೇನಿ. ಒಂದ ಮಗ್ಗಲಿಗೆ ನಮ್ಮ ನಾಜೂ, ಇನ್ನೊಂದ ಮಗ್ಗಲಿಗೆ ನೀ. ನಿಮ್ಮಜ್ಜ ನನ್ನ ಇದ ಗಾಡ್ಯಾಗ ಮನಿಗೆ ತಂದು ಬಿಟ್ಟ ಹೋದಾ. ನಾಜೂ, ಬಾರವ್ವಾ, ನೋಡ ಬಾ, ನಿಮ್ಮಣ್ಣ ಬಂದಾನ."

ದವಾಖಾನೆಯಲ್ಲಿ ಪಕ್ಕದ ಕಾಟಿನವಳು ಯಾರೋ ಹಾಲು ಕೊಟ್ಟಳು ಎಂಬುದು ಅಲ್ತಮಶನ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೆಸರು ಅಜ್ಜನೊಬ್ಬನಿಗೆ ಗೊತ್ತಿತ್ತು. ಒಬ್ಬಳೇ ತಾಯಿಯ ಹಾಲು ಕುಡಿದವರು ಒಡಹುಟ್ಟಿದವರೇ, ಅವರ ನಡುವೆ ನಿಕಾಹ್ ಇಲ್ಲ. ಇದು ಮಸೂತಿಯ ಮೆಟ್ಟಿಲು ಹತ್ತದವನಿಗೂ ಗೊತ್ತಿರುವ ಮಾತು. ಅಲ್ತಮಶ ಕಿಟಕಿಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಮುಂದಿನದೆಲ್ಲ ಹಬ್ಬವೇ. ವರ್ಷವಿಡೀ ಕೌಂಟರ್ ದಾಟದವನನ್ನು ಮುಮತಾಜಬಿ ಅಡುಗೆಮನೆಯವರೆಗೂ ಕರೆದೊಯ್ದು ಮಣೆ ಹಾಕಿದಳು. ಗಂಡುಮಗುವಿಲ್ಲದ ಮನೆಗೆ ಮಗ ಬಂದನೆಂದು ಮೈನುದ್ದೀನ ಓಣಿಗೆಲ್ಲ ಹೇಳಿ ಬಂದ. ನಾಜಮೀನ ರೊಟ್ಟಿ ಬಡಿಸಿದಳು. ಊಟವಾದ ಮೇಲೆ ಮುಮತಾಜಬಿಯೇ, ತಂಗಿಯನ್ನು ಒಂದು ಸುತ್ತು ಹಾಕಿಸಿಕೊಂಡು ಬಾ, ಅಣ್ಣನ ಗಾಡಿಯಲ್ಲಿ ಕೂಡಲು ಯಾರ ಅಪ್ಪಣೆ ಬೇಕು ಎಂದಳು.

ಹೀಗೆ ನಾಜಮೀನ ಗಿಣಿ ಜೀಪಿನ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತಳು. ಓಣಿಯ ಹೆಂಗಸರು ಕೈ ಬೀಸಿ ಕಳಿಸಿದರು.

ಶಿರೋಳದ ರಸ್ತೆಯಲ್ಲಿ, ಎರೆಹೊಲಗಳ ನಡುವೆ ಅವನು ಗಾಡಿ ನಿಲ್ಲಿಸಿದ. ಅವನು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತ. ಅತ್ತು ಮುಗಿದ ಮೇಲೆ, ನಿನ್ನ ಅಮ್ಮಿಗೆ ಎಲ್ಲ ಹೇಳೋಣ ಎಂದ. ನೆನಪು ತಪ್ಪಿತ್ತು, ಆ ಕೂಸು ಬೇರೆ ಎಂದು ಅವಳು ಒಂದು ಮಾತು ಅಂದರೆ ಸಾಕು, ದವಾಖಾನೆಯಲ್ಲಿ ಕಂಡವರು ಯಾರಿದ್ದಾರೆ ಎಂದ.

"ಅಂತಾಳ. ನಾ ಅಳಾಕತ್ತೇನಿ ಅಂದ್ರ ಅಮ್ಮಿ ಸುಳ್ಳೂ ಹೇಳ್ತಾಳ," ಎಂದಳು ನಾಜಮೀನ. "ಆಮ್ಯಾಲ ದಿನಾ ಆಕಿ ಮುಖಾ ನಾವು ಹ್ಯಾಂಗ ನೋಡೂಣು?"

"ಹಂಗಾರ ನಾ ಏನ ಮಾಡ್ಲಿ, ಹೇಳು. ಯಾರ ಮ್ಯಾಲ ಸಿಟ್ಟ ಮಾಡ್ಲಿ?"

"ನಾನೂ ಅದ ಕೇಳ್ಕೊಂತೇನಿ. ಆ ಹಾಲಿಲ್ಲಂದ್ರ ನೀನ ಇರತಿದ್ದಿಲ್ಲ. ನೀ ಇರತಿದ್ದಿಲ್ಲಂದ್ರ ನಾ ಯಾರಿಗಂತ ಅಳ್ತಿದ್ದೆ?"

ಅವನ ಕೈ ಗೇರಿನ ಮೇಲಿತ್ತು, ಅವಳ ಕೈ ಮಡಿಲಲ್ಲಿ. ನಡುವೆ ಒಂದು ಗೇಣು ಜಾಗ. ಅಣ್ಣನಾದವನು ತಂಗಿಯ ಕೈ ಹಿಡಿದರೆ ಈಗ ಯಾರೂ ಏನೂ ಅನ್ನುವಂತಿರಲಿಲ್ಲ. ಅದಕ್ಕಾಗಿಯೇ ಅವನು ಹಿಡಿಯಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಮಂದಿ ಸುಲಭಕ್ಕೆ ಅಂದುಬಿಡುತ್ತಾರೆ. ತುತ್ತು ಕಳಕೊಂಡವನಿಗೇ ಅದರ ಹಸಿವು ಗೊತ್ತು. ಗಜೇಂದ್ರಗಡದ ಮೌಲವಿಯ ಹತ್ತಿರ, ಗೆಳೆಯನ ವಿಷಯವೆಂದು ಹೇಳಿ ಅಲ್ತಮಶ ವಿಚಾರಿಸಿದ. ಉತ್ತರ ಬದಲಾಗಲಿಲ್ಲ. ಒಂದು ಆದಿತ್ಯವಾರ ಸುತ್ತಿಗೆ ಎತ್ತಿಕೊಂಡು ಜೀಪಿನ ಮುಂದೆ ನಿಂತ. ಒಂದು ಏಟನ್ನೂ ಹಾಕಲಾಗದೆ ಕೆಳಗಿಟ್ಟ. ಗಾಡಿಯ ಪಾಪವೇನು? ಆಯಿಲ್ ಬದಲಿಸಿದ, ಗ್ರೀಸ್ ತುಂಬಿದ, ಬ್ಯಾಟರಿಗೆ ನೀರು ಹಾಕಿದ. ಸಾಮಾನು ಬೇಕಾದರೆ ಹುಬ್ಬಳ್ಳಿಗೆ ಹೋಗುತ್ತಿದ್ದ.

ವರ್ಷ ತುಂಬುವುದರೊಳಗೆ ನಾಜಮೀನಳಿಗೆ ಇಳಕಲ್ಲಿನ ಹುಡುಗ ಗೊತ್ತಾದ. ಶಾಲಾ ಮಾಸ್ತರ, ಒಳ್ಳೆಯವನು. ಅವನಲ್ಲಿ ಒಂದು ಐಬು ಹುಡುಕಿ ಅಲ್ತಮಶ ಸೋತಿದ್ದ. ಮುಮತಾಜಬಿ ಫೋನ್ ಮಾಡಿ, ನಿಕಾಹ್‌ಗೆ ನೀನೇ ವಕೀಲನಾಗಬೇಕು ಎಂದಳು. ಇದು ಕೋರ್ಟಿನ ವಕೀಲಿಯಲ್ಲ. ಒಳಗೆ ಕೂತ ಮದುಮಗಳ ಹತ್ತಿರ ಹೋಗಿ, ಒಪ್ಪಿಗೆ ಕೇಳಿ, ಅದನ್ನು ಹೊರಗಿನ ಗಂಡಸರ ಮುಂದೆ ತಂದು ಹೇಳುವ ಹತ್ತಿರದ ನಂಟನ ಕೆಲಸ. ಅಣ್ಣನಿರುವಾಗ ಸೋದರಮಾವನೇಕೆ ಎಂಬುದು ಅವಳ ವಾದ. ಅಲ್ತಮಶ ಡ್ಯೂಟಿ ಇದೆ, ರಜೆ ಸಿಗುವುದಿಲ್ಲ ಎಂದ.

ಅದೇ ಸಂಜೆ ನಾಜಮೀನಳ ಫೋನ್ ಬಂತು.

"ಬ್ಯಾರೆ ಯಾರ ಬಂದ ಕೇಳಿದ್ರೂ ನನ್ನ ಬಾಯಿಂದ ಆ ಮಾತ ಬರೂದಿಲ್ಲ. ನೀನ ಬಾ."

ಅವನು ಹೋದ.

ಒಳಕೋಣೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ನಡುವೆ ಕೆಂಪು ಓಢಣಿಯೊಳಗೆ ಅವಳು. ಇಬ್ಬರು ಸಾಕ್ಷಿಗಳು ಅವನ ಹಿಂದೆ ಬಂದು ನಿಂತರು. ಅಲ್ತಮಶ ಅವಳ ಎದುರು ಮೊಣಕಾಲೂರಿ ಕೂತ. ಹುಡುಗನ ಹೆಸರು, ಅವನ ತಂದೆಯ ಹೆಸರು, ಅವನು ಹುಡುಗಿಗೆ ಕೊಡುವ ಮೆಹರಿನ ಹಣ ಎಲ್ಲ ಹೇಳಿದ. ದನಿ ಎಲ್ಲೂ ಒಡೆಯದಂತೆ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ.

"ನಾಜಮೀನ, ಈ ನಿಕಾಹ್ ನಿನಗ ಕಬೂಲ್ ಐತೇನು?"

ಅವಳು ತಲೆ ಇನ್ನಷ್ಟು ತಗ್ಗಿಸಿದಳು. ನಾಚಿಕೆ ಎಂದು ಹೆಂಗಸರು ನಕ್ಕರು. ಅಣ್ಣ ಕೇಳುತ್ತಿದ್ದಾನೆ, ಹೇಳವ್ವಾ ಎಂದಳು ಮುಮತಾಜಬಿ. ಅವಳು ಓಢಣಿಯನ್ನು ತುಸುವೇ ಸರಿಸಿದಳು. ಕಣ್ಣೆತ್ತಿ ಅವನನ್ನು ನೋಡಿದಳು. ಬೇರೆ ಯಾರನ್ನೂ ಅಲ್ಲ, ಅವನನ್ನೇ.

"ಕಬೂಲ್," ಎಂದಳು.

ಮೂರು ಸಲ ಕೇಳುವುದು ಪದ್ಧತಿ. ಅವನು ಮತ್ತೆ ಕೇಳಿದ, ಅವಳು ಮತ್ತೆ ಅವನ ಕಣ್ಣಿಗೇ ಹೇಳಿದಳು. ಮೂರನೆಯ ಸಲ ಅವನ ದನಿ ಒಡೆಯಿತು. ತಂಗಿಯನ್ನು ಕಳಿಸುವ ಸಂಕಟ ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳ ದನಿ ಮಾತ್ರ ಒಡೆಯಲಿಲ್ಲ. ಆ ಮೂರು ಮಾತುಗಳಲ್ಲಿ ಅವಳು ಹೇಳಬೇಕಾದದ್ದನ್ನೆಲ್ಲ ಅವನಿಗೆ ಹೇಳಿ, ಓಢಣಿ ಎಳೆದುಕೊಂಡಳು.

ಅವನು ಎದ್ದು ಹೊರಗೆ ಹಂದರಕ್ಕೆ ಬಂದ. ಗಂಡಸರೆಲ್ಲ ಅವನ ದಾರಿ ನೋಡುತ್ತಿದ್ದರು. ಮದುಮಗ ಮುಖದ ಹೂವಿನ ಸೆಹರಾ ಸರಿಸಿ ಗೌರವದಿಂದ ಅವನಿಗೆ ಸಲಾಮು ಮಾಡಿದ. ಹುಡುಗಿ ಒಪ್ಪಿದಳೇ ಎಂದು ಕಾಜಿ ಕೇಳಿದರು.

"ಹೌದ್ರಿ," ಎಂದ ಅಲ್ತಮಶ. "ನನ್ನ ಮುಂದ ಅಂದಾಳ."