ನಾಲ್ಕನೇ ಮಷೀನಿನ ಸೊನ್ನೆ

ಬಕ್ಕೇಶನ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದದ್ದು ಒಂದೇ ಸಲ, ಅದೂ ಅವನನ್ನು ಪ್ರೀತಿಸುತ್ತಿದ್ದಾಗಲೇ.

೧೯೯೮ರ ಮೇ ತಿಂಗಳು, ದಾವಣಗೆರೆಯ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್. ನಾನು ಹರಿಹರದಿಂದ ಬಸ್ಸಿನಲ್ಲಿ ಬರುವವಳು, ಅವನು ಆವರಗೆರೆಯಿಂದ ಸೈಕಲ್ಲಿನಲ್ಲಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಇಬ್ಬರೂ ಜೊತೆ. ಆರು ಕಂಪ್ಯೂಟರುಗಳನ್ನು ಜೋಡಿಸಿದ್ದೆವು. ಅವುಗಳಲ್ಲಿ ಯಜಮಾನ ಅಂತ ಯಾವುದೂ ಇಲ್ಲ. ತನ್ನ ಕೈಲಿ ಎಷ್ಟು ಕೆಲಸವಿದೆ ಎಂದು ಪ್ರತಿಯೊಂದೂ ಉಳಿದವಕ್ಕೆ ಹೇಳಬೇಕು, ಜಾಸ್ತಿಯಾದದ್ದನ್ನು ಬಿಡುವಾಗಿರುವುದಕ್ಕೆ ದಾಟಿಸಬೇಕು. ಇದನ್ನು ವಿವರಿಸುವಾಗ ಬಕ್ಕೇಶ್ ಕನ್ನಡಕ ಮೇಲಕ್ಕೆ ತಳ್ಳಿಕೊಂಡು, ನನ್ನನ್ನು ಬಿಟ್ಟು ಗೋಡೆ ನೋಡುತ್ತಿದ್ದ. ಆ ಗೋಡೆಯ ಮೇಲೆ ನನಗೆ ಹೊಟ್ಟೆಕಿಚ್ಚು.

ಮರುದಿನ ಹೊರಗಿನ ಪರೀಕ್ಷಕರು ಬರುವವರಿದ್ದರು. ಕೊನೆಯ ಸಲ ಓಡಿಸಿ ನೋಡಿದರೆ ಎಲ್ಲ ಕೆಲಸವೂ ಬಕ್ಕೇಶನ ನಾಲ್ಕನೇ ಮಷೀನಿಗೇ ಹೋಗಿ ಬಿದ್ದು, ಅದು ಹ್ಯಾಂಗ್ ಆಯಿತು. ನಾನು ಕೂರುವ ಹಳೆಯ ಎರಡನೇ ಮಷೀನು ಮಾವನ ಮನೆಗೆ ಬಂದ ಅಳಿಯನ ಹಾಗೆ ಆರಾಮವಾಗಿತ್ತು.

ಅವನು ಟೀ ಕುಡಿಯಲು ಹೋದಾಗ ಅವನ ಪ್ರೋಗ್ರಾಂ ತೆರೆದೆ. ಎಷ್ಟೇ ಕೆಲಸವಿದ್ದರೂ ನಾಲ್ಕನೇ ಮಷೀನು ಸೊನ್ನೆ ಅಂತಲೇ ಹೇಳುವಂತೆ ಬರೆದಿಟ್ಟಿದ್ದ. ಬಂದ ಕೂಡಲೇ ಕೇಳಿದೆ. ಹೋದ ವಾರ ಹಳೇ ಮಷೀನು ನಿಂತಾಗ ನಮ್ಮ ಗೈಡ್ ಕೆಂಚವೀರಪ್ಪ ಸರ್ ನನ್ನನ್ನು ಬೈದದ್ದು ಅವನಿಗೆ ನೋಡಲಾಗಲಿಲ್ಲವಂತೆ. ಅದರ ಪಾಲಿನದೂ ತನಗೇ ಬರಲಿ ಅಂತ ಹೀಗೆ ಮಾಡಿದನಂತೆ.

ಎದೆ ಕರಗಿತು, ನಿಜ. ಸಿಟ್ಟು ಮಾತ್ರ ಇಳಿಯಲಿಲ್ಲ.

"ನಾಳೆ ನಿನ್ನ ಕೆಲಸ ಏನಮ್ಮ ಅಂತ ಕೇಳಿದ್ರೆ ಏನು ಹೇಳ್ಲಿ? ಬಕ್ಕೇಶ್‌ಗೆ ನನ್ನ ನೋಡಿ ಪಾಪ ಅನಿಸ್ತು ಅಂತನಾ?"

"ತಪ್ಪಾತು ರೀ," ಅಂದ.

ಸೊನ್ನೆ ತೆಗೆದೆ. ಹಳೆಯದು ನಿಧಾನ ಅಂತ ಉಳಿದವಕ್ಕೂ ಗೊತ್ತಾಗಲಿ ಎಂದು, ಕೆಲಸ ಎಷ್ಟಿದೆ ಎನ್ನುವುದರ ಬದಲು ಮುಗಿಸಲು ಎಷ್ಟು ಹೊತ್ತು ಬೇಕು ಎಂದು ಹೇಳುವಂತೆ ಆರಕ್ಕೂ ಬರೆದೆ. ಅವನು ಪಕ್ಕದಲ್ಲಿ ಕೂತು ತಪ್ಪು ಹುಡುಕಿದ. ಮರುದಿನ ನನ್ನ ಹಳೆಯ ಮಷೀನು ತನ್ನ ಅಳತೆಯ ಕೆಲಸ ತಾನೇ ಮುಗಿಸಿತು. ಪರೀಕ್ಷಕರು ಎರಡು ಸಲ ಓಡಿಸಿ ನೋಡಿ, ಇದು ಯಾರ ಐಡಿಯಾ ಎಂದರು. ಬಕ್ಕೇಶ್ ತಡಮಾಡದೆ ನನ್ನ ಹೆಸರು ಹೇಳಿದ.

ಬಸ್‌ಸ್ಟ್ಯಾಂಡಿನ ತನಕ ಸೈಕಲ್ ತಳ್ಳಿಕೊಂಡು ಬಂದ. ನಾನು ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯ ಸರಳು ಹಿಡಿದುಕೊಂಡು ಅಂತೂ ಬಾಯಿಬಿಟ್ಟ.

"ತನುಶ್ರೀ, ನಿಮ್ಮನ್ನ ಬಿಟ್ಟು ಇರಾಕೆ ಆಗಲ್ಲ ನಂಗೆ. ನೀವೇನೂ ತಲೆ ಕೆಡಿಸ್ಕಾಬ್ಯಾಡ್ರಿ. ನಿಮ್ಮಪ್ಪಾರ ಹತ್ರ ನಾನೇ ಬಂದು ಮಾತಾಡ್ತೀನಿ, ನಮ್ಮನೇಲೂ ನಾನೇ ಒಪ್ಪಿಸ್ತೀನಿ."

ಇಷ್ಟಾದರೂ ಬುದ್ಧಿ ಬಂದಿರಲಿಲ್ಲ ನೋಡಿ.

"ಬ್ಯಾಡ. ನಮ್ಮಪ್ಪಗೆ ನಾನು ಹೇಳ್ತೀನಿ. ನಿಮ್ಮವ್ವಗೆ ನೀವು ಹೇಳ್ರಿ. ಇವತ್ತೇ."

ಅವನ ಕಿವಿ ಕೆಂಪಾಯಿತು. ಹೂಂ ಅಂದ.

ಹರಿಹರ ಬರುವಷ್ಟರಲ್ಲಿ ಮಾತು ಜೋಡಿಸಿಕೊಂಡಿದ್ದೆ. ಕೆಲಸದಿಂದ ಮನೆಗೆ ಬಂದ ಅಪ್ಪ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಹೇಳಿಬಿಟ್ಟೆ.