ಬಾಗಿಲ ಹಿಂದಿನ ನೇಯ್ಗೆ

"ಮುಬಶಿರಾ, ಇವು ನಿನ್ನ ಕೈ ಅಲ್ಲೇನ?"

ನವಲಗುಂದದ ಶಾಲೆಯ ಸ್ಟಾಫ್‌ರೂಮಿನಲ್ಲಿ ಜೊತೆಯ ಟೀಚರ್ ನಂದಾ ಮೊಬೈಲ್ ಮುಂದೆ ಹಿಡಿದಳು.

ಹೌದು, ತನ್ನವೇ. ಹೆಬ್ಬೆರಳ ಮೇಲೆ ರೊಟ್ಟಿ ಹಂಚು ತಾಗಿದ ಕಲೆ. ಮಗ್ಗದ ಮೇಲೆ ಕೆಂಪು ನೂಲು ಎಳೆಯುತ್ತಿದ್ದ ಬೆರಳು. ವಿಡಿಯೋದ ಹಿನ್ನೆಲೆಯಲ್ಲಿ ಅತ್ತೆಯಾಗಲಿದ್ದ ರಹೀಮಾಬಿಯ ದನಿ.

"ನನ್ನ ತಮ್ಮ ಪುಕ್ಕಟ ಸಿನಿಮಾ ಇಳಿಸಿಕೊಂಡಿದ್ದ. ಅದರ ಜೋಡಿ ಇದೂ ಬಂತಂತ. ಸೈಟಿನ್ಯಾಗ ಹುಡುಕಿದ್ರ ಹಿಂಗ ಬರತೈತಿ, ನೋಡು" ಎಂದಳು ನಂದಾ.

ಮುಬಶಿರಾ ನೋಡಿದಳು. ಅವಳ ಕೈಗಳ ಎಡಕ್ಕೊಬ್ಬಳು, ಬಲಕ್ಕೊಬ್ಬಳು ಬರಿಮೈ ಹೆಂಗಸರು ಕುಣಿಯುತ್ತಿದ್ದರು. 'ನಿಮ್ಮ ಊರಿನವಳೇ, ಕರೆದರೆ ಬರುತ್ತಾಳೆ' ಎಂಬ ಸಾಲು ಮಿನುಗುತ್ತಿತ್ತು. ಅದರ ಬಾಣದ ಗುರುತು ನೇರವಾಗಿ ಅವಳ ಬೆರಳಿಗೇ ತಾಗಿತ್ತು.

ಅವಳು ಎದ್ದು ಹೋಗಿ ಕೈ ತೊಳೆದುಕೊಂಡಳು. ಮತ್ತೊಮ್ಮೆ ತೊಳೆದಳು. ಆ ಸೈಟು ಶಾಕೀರನದು.

ಶಾಕೀರ್ ಕಾಲೇಜಿನ ಜೊತೆಗಾರ. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಕಂಪ್ಯೂಟರ್ ಅಂಗಡಿ. ಬರುವ ತಿಂಗಳು ಅವರಿಬ್ಬರ ನಿಕಾಹ್. "ಸಿನಿಮಾ ಎಲ್ಲಿ ಸಿಗತೈತಿ ಅಂತ ಹುಡುಕಿ ಕೊಡೂ ಸೈಟ್ ರಿ, ಅಷ್ಟ" ಎಂದು ಅವಳ ಅಬ್ಬಾಗೆ ಹೇಳಿದ್ದ. ಹೋದ ವಾರ ಹುಬ್ಬಳ್ಳಿಯ ಸೈಬರ್ ಪೊಲೀಸರಿಂದ ನೋಟಿಸ್ ಬಂದಿತ್ತು, ಸಿನಿಮಾದವರು ಕೋರ್ಟಿಗೆ ಹೋಗಿದ್ದರು. "ಫೈಲೇ ನನ್ನ ಹತ್ರ ಇಲ್ಲ, ಏನ್ ಮಾಡ್ತಾರ?" ಎಂದು ನಕ್ಕಿದ್ದ. ಅವಳೂ ನಂಬಿ ನಕ್ಕಿದ್ದಳು.

ಜಮಖಾನ ನೇಯುವ ಶಾಕೀರನ ಮನೆಯಲ್ಲಿ ಕಸುಬನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಮಗಳು ಅದನ್ನು ಬೇರೆ ಮನೆಗೆ ಒಯ್ದುಬಿಡುತ್ತಾಳೆಂಬ ಭಯ. ಶಾಕೀರನ ತಾಯಿ ರಹೀಮಾಬಿ ಸ್ವಂತ ಮಗಳು ರುಬಿಯಾಗೂ ಕಲಿಸಿರಲಿಲ್ಲ. ಉಂಗುರ ತೊಡಿಸಿದ ಮೇಲೆ ಮುಬಶಿರಾಳನ್ನು ಕರೆದು, ಬಾಗಿಲು ಹಾಕಿ, ಪಗಡೆ ಹಾಸಿನ ವಿನ್ಯಾಸ ತೋರಿಸಿಕೊಟ್ಟಿದ್ದಳು.

"ಅಮ್ಮೀ, ನೆನಪಿಗೊಂದು ವಿಡಿಯೋ ಇರ್ಲಿ" ಎಂದು ಶಾಕೀರ್ ಮೊಬೈಲ್ ಹಿಡಿದು ಕೂತಿದ್ದ. ಅಮ್ಮಿಯ ನೆನಪಿಗೆ ತೆಗೆದ ವಿಡಿಯೋದಲ್ಲಿ ಅಮ್ಮಿಯ ದನಿಯಷ್ಟೇ ಇತ್ತು, ಕಾಣುತ್ತಿದ್ದದ್ದು ಸೊಸೆಯ ಕೈ. ಅದು ಮುಬಶಿರಾಗೆ ಆಗಲೇ ಗೊತ್ತಾಗಿತ್ತು. ಗೊತ್ತಾದ ಮೇಲೆ ನೂಲನ್ನು ಬೇಕೆಂತಲೇ ನಿಧಾನ ಎಳೆದಿದ್ದಳು.

ಈಗ ಆ ನಿಧಾನವೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದಳು. ಅವಳನ್ನು ಕಂಡದ್ದೇ ಶಾಕೀರನ ಹುಬ್ಬು ಏರಿತು, ಕೆಳತುಟಿ ಕಚ್ಚಿ ನಗು ತಡೆದ. ಆ ನಗುವಿಗಾಗಿಯೇ ಅವಳು ಎಷ್ಟೋ ಸಲ ಬೇಡದ ಝೆರಾಕ್ಸ್ ಮಾಡಿಸಿದ್ದಳು.

"ಬರ್ರಿ ಟೀಚರ್. ಮತ್ತ ಆಧಾರ್ ಕಾರ್ಡೇನು? ನನಗ ನಿನ್ನ ನಂಬರ್ ಬಾಯಿಪಾಠ ಆಗೇತಿ."

ಅವಳು ಆ ಪುಟ ತೆರೆದು ಮೊಬೈಲನ್ನು ಅವನ ಮುಂದಿಟ್ಟಳು.

ಅವನ ಮುಖ ಬಿಳಿಚಿತು. "ನಾ ಹಾಕಿಲ್ಲ. ಸೈಟ್ ತಾನ ಹುಡುಕತೈತಿ. ಯಾರರೆ ದಾರಿ ಕೇಳಿದ್ರ ಬೆರಳು ತೋರಸ್ತೀವಲ್ಲ, ಹಂಗ. ಫೈಲ್ ಒಂದೂ ನನ್ನ ಹತ್ರ ಇರೂದಿಲ್ಲ."

"ಈ ವಿಡಿಯೋ ನಿಮ್ಮ ಹತ್ರ ಬಿಟ್ರ ಮತ್ತ ಯಾರ ಹತ್ರಾನೂ ಇರ್ಲಿಲ್ಲ. ನಿಮ್ಮ ಸೈಟ್ ಎಲ್ಲಿಂದ ಹುಡುಕಿತು?"

ಅವನು ಮೊಬೈಲನ್ನು ಮಗುಚಿ ಇಟ್ಟ.

"ಹೊಸ ಸಿನಿಮಾ ನಾನೂ ಸೈಟಿಗೆ ಹಾಕ್ತಿದ್ದೆ. ಜನಾ ಬರಬೇಕಲ್ಲ... ಅದ ಫೋಲ್ಡರಿನ್ಯಾಗ ಇದನ್ನೂ ಇಟ್ಟಿದ್ದೆ, ಕೆಲಸದ ನಡುವ ನೋಡಾಕ. ಇಡೀ ಫೋಲ್ಡರ್ ನೆಟ್ಟಿಗೆ ಹೋತು."

"ಏನು ನೋಡಾಕ?"

"ನಿನ್ನ ಕೈ."

ಬೇರೆ ದಿನವಾಗಿದ್ದರೆ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಇಂದು ಬಾಯಿ ಕಹಿಯಾಯಿತು.

"ತೆಗೀರಿ ಅದನ್ನ."

"ನನ್ನ ಸೈಟಿಂದ ತೆಗೀತೀನಿ. ಇಳಿಸಿಕೊಂಡವರ ಹತ್ರ ಉಳೀತು. ಅದು ವಾಪಸ್ ಬರೂದಿಲ್ಲ."

"ಮತ್ತ ಈ ಹೊಲಸು ಚಿತ್ರ?"

"ಜಾಹೀರಾತು. ರೊಕ್ಕ ಬರೂದ ಅದರಿಂದ."

"ಹಂಗಾರ ನೀವು ಕೊಡಿಸಿದ ಈ ದುಪಟ್ಟಾ ಯಾವ ಹೆಣ್ಣಿನ ಮೈಯಿಂದ ಬಂತು?"

ತಲೆಯ ಮೇಲಿನ ದುಪಟ್ಟಾ ಯಾರೋ ಹಾಕಿದ ಹೊಲಸು ಬಟ್ಟೆಯಂತಾಯಿತು ಅವಳಿಗೆ.

"ಪೊಲೀಸರಿಗೆ ಆಮ್ಯಾಲ ಹೇಳ್ರಿ, ಮೊದಲ ಅಮ್ಮಿಗೆ ಹೇಳ್ರಿ. ಸೈಟ್ ಮಾಡ್ತು, ಫೋಲ್ಡರ್ ಮಾಡ್ತು ಅನಬ್ಯಾಡ್ರಿ. ನಾ ಮಾಡಿದೆ ಅನ್ರಿ. ಇಲ್ಲಾಂದ್ರ ಈ ನಿಕಾಹ್ ಇಲ್ಲ."

ಇಬ್ಬರೂ ಮನೆಗೆ ಬಂದಾಗ ರಹೀಮಾಬಿ ಮಗ್ಗದ ಮುಂದೆ ಕೂತಿದ್ದಳು. ಶಾಕೀರ್ ನೆಲದ ಮೇಲೆ ಕೂತು, ತಡವರಿಸುತ್ತ, ಎಲ್ಲವನ್ನೂ ಹೇಳಿದ. ತನ್ನನ್ನು ಎಲ್ಲೂ ಬಚ್ಚಿಡಲಿಲ್ಲ. ಮುಬಶಿರಾ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದಳು.

ರಹೀಮಾಬಿ ಮೊಬೈಲ್ ಇಸಿದುಕೊಂಡಳು. "ಥೂ!" ಎಂದು ಎರಡು ಅಂಗೈಗಳಿಂದ ಎರಡೂ ಬದಿಯ ಹೆಂಗಸರನ್ನು ಮುಚ್ಚಿದಳು, ಮಗುವಿನ ಮೈ ಮುಚ್ಚಿದಂತೆ. ನಡುವೆ ಬೆರಳುಗಳು ನೇಯುತ್ತಲೇ ಇದ್ದವು.

"ರುಬಿಯಾ ಈ ಕಿಡಿಕ್ಯಾಗ ನಿಂತು ಅಳ್ತಿದ್ಲು, ಅಮ್ಮೀ ನನಗೂ ಕಲಸ ಅಂತ. ಹೊಟ್ಟ್ಯಾಗ ಹುಟ್ಟಿದಾಕಿಗೆ ಬಾಗಲಾ ಹಾಕಿದೆ ನಾ. ನೀ ಊರ ನಾಯಿಗೆಲ್ಲಾ ತೆರದ್ಯಲ್ಲೋ!"

ಅವನು ಅಳುತ್ತಿದ್ದ. ಮುದುಕಿ ಅವನತ್ತ ನೋಡದೆ ಅಣ್ಣಿಗೇರಿಯ ಮಗಳಿಗೆ ಫೋನ್ ಹಚ್ಚಿದಳು.

"ರುಬಿಯಾ, ಬಾ... ಇಲ್ಲಬೇ, ಆರಾಮ ಅದೀನಿ, ಸಾಯಾಕತ್ತಿಲ್ಲ! ಮಗ್ಗ ಕಲಿಯಾಕ ಬಾ. ಕಲಸ್ತೀನಿ ಅಂದ್ರ ಕಲಸ್ತೀನಿ, ಬಾ."

ಶಾಕೀರ್ ಅವರೆದುರಿಗೇ ಸೈಟು ಮುಚ್ಚಿದ. ಮುಬಶಿರಾಳನ್ನು ಹೊಸ್ತಿಲವರೆಗೆ ಬಿಡಲು ಬಂದು ಹೇಳಿದ, "ನಾಳೆ ಹುಬ್ಬಳ್ಳಿಗೆ ಹೋಗಿ ಎಲ್ಲಾ ಒಪ್ಕೋತೀನಿ. ಒಳಗ ಹಾಕಿದ್ರೂ ಹಾಕಬಹುದು. ನೀ ಕಾಯಬ್ಯಾಡ."

ಮುಬಶಿರಾ ಮಾತುಗಳನ್ನು ತೂಗಿ ಆಡುವವಳು. ಇದನ್ನೂ ತೂಗಿಯೇ ಆಡಿದಳು.

"ನಿಮ್ಮನ್ನ ಕಂಡ್ರ ಹೇಸಿಗಿ ಬರತೈತಿ. ಕಾಣದಿದ್ರ ಜೀವ ತಡಿಯೂದಿಲ್ಲ. ಎರಡೂ ಖರೆ."

ಮರುದಿನ ಹುಬ್ಬಳ್ಳಿ ಬಸ್ಸಿನಲ್ಲಿ ಶಾಕೀರ್ ಕಿಟಕಿ ಹಿಡಿದು ಕೂತಿದ್ದ. ಬುರ್ಖಾ ಸಾವರಿಸುತ್ತ ರಹೀಮಾಬಿ ಹತ್ತಿದಳು, ಅವಳ ಹಿಂದೆ ಮುಬಶಿರಾ. ಇಬ್ಬರೂ ಅವನ ಮುಂದಿನ ಸೀಟಿನಲ್ಲಿ ಕೂತರು.

"ನೀವ್ಯಾಕ ಬಂದ್ರಿ?" ಅವನು ಕಂಬಿಯ ಮೇಲೆ ಬಾಗಿದ.

"ನಮಗೇನು, ಹೆಂಗಸರಿಗೆ ಬಸ್ಸು ಫ್ರೀ" ಎಂದಳು ರಹೀಮಾಬಿ.

ಅವನ ಬೆರಳು ಕಂಬಿಯ ಮೇಲೆ ಮುಬಶಿರಾಳ ಭುಜದ ಹತ್ತಿರ ಸರಿಯಿತು. ಅವಳು ಮುಂದಕ್ಕೆ ಜರುಗಿದಳು. ಹೇಸಿಗೆ ಇನ್ನೂ ಇತ್ತು. ಬಹುಶಃ ಬಹಳ ದಿನ ಇರುತ್ತದೆ. ಅವನು ಕೈ ಹಿಂದೆ ತೆಗೆದುಕೊಂಡ, ನೋಟವನ್ನಲ್ಲ. ಕಿಟಕಿಯ ಗಾಜಿನಲ್ಲಿ ಅದು ಅವಳಿಗೆ ಕಾಣುತ್ತಿತ್ತು.

ಕಂಡಕ್ಟರ್ ಇಬ್ಬರಿಗೂ ಪುಕ್ಕಟೆ ಟಿಕೆಟ್ ಹರಿದುಕೊಟ್ಟು ಹಿಂದೆ ಕೂತ ಶಾಕೀರನತ್ತ ಕತ್ತು ಆಡಿಸಿದ. "ಇವರ ಹತ್ರ ಚಿಲ್ಲರೆ ಇಲ್ಲಂತ. ನಿಮ್ಮ ಜೋಡಿ ಬಂದಾರೇನ್ರಿ?"

ರಹೀಮಾಬಿ ಸೊಸೆಯ ಮುಖವನ್ನೇ ನೋಡಿದಳು.

ಬಸ್ಸು ಊರು ದಾಟಿ ಹತ್ತಿ ಹೊಲಗಳ ನಡುವೆ ಬಂದಿತ್ತು. ಮುಬಶಿರಾ ಪರ್ಸಿನಿಂದ ಚಿಲ್ಲರೆ ತೆಗೆದಳು.

"ಹೌದ್ರಿ" ಎಂದಳು. "ನಮ್ಮ ಜೋಡೀನ ಅದಾರ."